ಹೊನ್ನಮಕ್ಕಿ ಗುಡ್ಡದ ಬಾಣಂತಿಯರು

ನಲವತ್ಮೂರು ವರ್ಷದ ಗಂಡಸು, ಎರಡು ಮಕ್ಕಳ ಅಪ್ಪ, ಹೆತ್ತ ಅವ್ವನಿಗೆ ಒಂದೇ ಒಂದು ಮಾತು ಹೇಳಲು ಹೆದರಿ ಇಪ್ಪತ್ತು ದಿನ ತನ್ನ ಮನೆಯಲ್ಲೇ ಕಳ್ಳನ ಹಾಗೆ ಓಡಾಡಿಕೊಂಡಿದ್ದ ಎಂದರೆ ನೀವು ನಗುತ್ತೀರಿ. ನಗಿ, ನನ್ನದೇನೂ ಅಭ್ಯಂತರವಿಲ್ಲ. ನಮ್ಮ ಅವ್ವ ಗಿರಿಯಮ್ಮನನ್ನು ಕಂಡವರು ಮಾತ್ರ ನಗುವುದಿಲ್ಲ, ಬೆನ್ನು ತಟ್ಟಿ ಧೈರ್ಯ ಹೇಳುತ್ತಾರೆ.

ಅವ್ವ ಸೂಲಗಿತ್ತಿ. ನರಸಿಂಹರಾಜಪುರದ ಸುತ್ತ, ಭದ್ರಾ ಹಿನ್ನೀರಿನ ದಂಡೆಯ ಹಳ್ಳಿಗಳಲ್ಲಿ ಈಗ ಮೀಸೆ ತಿರುವಿಕೊಂಡು ಓಡಾಡುವ ಅರ್ಧ ಜನ ಅವಳ ಕೈಯಲ್ಲೇ ಭೂಮಿಗೆ ಬಂದವರು. ಆ ಕಾರಣಕ್ಕೋ ಏನೋ, ಯಾರನ್ನು ಕಂಡರೂ ಅವಳಿಗೆ ಭಯಭಕ್ತಿ ಹುಟ್ಟುವುದಿಲ್ಲ. ಒಮ್ಮೆ ಪಂಚಾಯ್ತಿ ಮೆಂಬರೊಬ್ಬರು ಬಿಳಿ ಕಾರಿನಿಂದ ಇಳಿದು ಕೈ ಮುಗಿದರೆ, "ಇವ್ನಾ? ಹುಟ್ಟಿದಾಗ ಅಳ್ಲೇ ಇಲ್ಲ, ತಲೆಕೆಳಗೆ ಮಾಡಿ ಎರಡು ಬಿಟ್ಟೆ, ಆಮೇಲೆ ಬಾಯಿ ಬಂತು" ಎಂದು ಹತ್ತು ಜನರೆದುರಿಗೆ ಹೇಳಿಬಿಟ್ಟಳು. ಅಂಥವಳ ಮಗ ನಾನು, ವಾಸಪ್ಪ.

ನಮ್ಮ ಊರು ಹೊನ್ನಮಕ್ಕಿ. ಊರು ಎಂದರೆ, ಇತ್ತು. ಭದ್ರೆಗೆ ಅಣೆಕಟ್ಟು ಕಟ್ಟಿ ನೀರು ನಿಂತಾಗ ಗದ್ದೆ, ಮನೆ, ದಾರಿ ಎಲ್ಲ ಒಳಗೆ ಹೋಯಿತು. ಇಪ್ಪತ್ತೆರಡು ಮನೆಯವರು ಜಯಪುರ, ಕೊಪ್ಪ, ನೆಮ್ಮಾರ್ ಎಂದು ಜಾಗ ಸಿಕ್ಕಲ್ಲಿಗೆ ಚದುರಿಹೋದರು. ನಾವು ಮಾತ್ರ ನೀರಿನ ದಂಡೆಯಲ್ಲೇ ಉಳಿದೆವು. ಊರಿನ ಹಿಂದಿದ್ದ ಗುಡ್ಡದ ನೆತ್ತಿ ಬೇಸಿಗೆಯಲ್ಲಿ ಮಾತ್ರ ನೀರಿನಿಂದ ಮೇಲೆ ಬರುತ್ತದೆ. ಸಂಕ್ರಾಂತಿ ಕಳೆದು ನೀರು ಇಳಿಯುತ್ತ ಬಂದ ಹಾಗೆ ಮೊದಲು ಚೌಡಮ್ಮನ ಕಲ್ಲು ಕಾಣುತ್ತದೆ, ಆಮೇಲೆ ಅದರ ಸುತ್ತ ಎರಡು ಎಕರೆಯಷ್ಟು ಬೋಳು ನೆಲ.

ಯುಗಾದಿ ಕಳೆದ ಮೊದಲ ಮಂಗಳವಾರ ಇಪ್ಪತ್ತೆರಡು ಮನೆಯವರೂ ದೋಣಿಯಲ್ಲಿ ಅಲ್ಲಿಗೆ ಹೋಗುವುದು ಪದ್ಧತಿ. ಹೆಂಗಸರು ನೆಲ ಗುಡಿಸಿ ಸಗಣಿ ಹಾಕಿ ಸಾರಿಸುತ್ತಾರೆ. ಚೌಡಮ್ಮನಿಗೆ ಕೋಳಿ ಕೊಟ್ಟು, ಅಲ್ಲೇ ಮೂರು ಒಲೆ ಹೂಡಿ, ಅಡುಗೆ ಮಾಡಿ ಉಂಡು, ಸಂಜೆಯೊಳಗೆ ದಂಡೆಗೆ ಬರುವುದು. ನೀರು ನಿಂತ ಮರುವರ್ಷದಿಂದ ಒಂದು ಸಲವೂ ಇದು ತಪ್ಪಿದ್ದಿಲ್ಲ, ತಪ್ಪಲು ಅವ್ವ ಬಿಟ್ಟಿದ್ದಿಲ್ಲ. "ಊರು ಮುಳುಗಿದ್ರೂ ಊರಿನವ್ರು ಮುಳುಗಿಲ್ಲ ಅಂತ ವರ್ಷಕ್ಕೊಂದು ಸಲನಾದ್ರೂ ಅವ್ಳಿಗೆ ಮುಖ ತೋರಿಸ್ಬೇಕು" ಎನ್ನುವುದು ಅವಳ ಮಾತು. ಆ ದಿನಕ್ಕಾಗಿ ಅವಳು ಉಳಿದ ಮುನ್ನೂರ ಅರವತ್ತನಾಲ್ಕು ದಿನ ಬದುಕುತ್ತಾಳೆ ಎಂದರೂ ನಡೆಯುತ್ತದೆ.

ಎರಡು ಸಾವಿರದ ಆರನೇ ಇಸವಿಯಲ್ಲಿ ನಾನು ಅವಳಿಗೆ ಹೇಳಬೇಕಾಗಿದ್ದ ಮಾತು ಇದು: ಈ ವರ್ಷ ಗುಡ್ಡದ ಮೇಲೆ ಯಾರೂ ಕಾಲಿಡುವ ಹಾಗಿಲ್ಲ, ಪೂಜೆಯೂ ಇಲ್ಲ.

ಕಾರಣ ಹಕ್ಕಿ. ಆ ಬೋಳು ನೆಲದ ಮೇಲೆ ಬೇಸಿಗೆಯಲ್ಲಿ ಒಂದು ಜಾತಿಯ ಹಕ್ಕಿ ಬಂದು ಮೊಟ್ಟೆ ಇಡುತ್ತದೆ. ಬೂದು ಬೆನ್ನು, ಕರಿ ಟೊಪ್ಪಿ ಹಾಕಿದಂಥ ತಲೆ, ಅರಿಶಿನದ ಕೊಂಬಿನಂಥ ಕೊಕ್ಕು, ಕತ್ತರಿ ಬಾಲ. ಅರಣ್ಯ ಇಲಾಖೆಯವರು ಅದನ್ನು ಹೊಳೆ ರೀವ ಎನ್ನುತ್ತಾರೆ. ನಾವು ಮೀನು ಹಕ್ಕಿ ಎನ್ನುತ್ತಿದ್ದೆವು, ಮೀನು ತಿನ್ನುವ ಎಲ್ಲ ಹಕ್ಕಿಗೂ ನಮ್ಮಲ್ಲಿ ಅದೇ ಹೆಸರು. ಗೂಡು ಗೀಡು ಏನೂ ಕಟ್ಟುವುದಿಲ್ಲ ಪುಣ್ಯಾತ್ಮರು. ಬೊಗಸೆಯಷ್ಟು ಮಣ್ಣು ಕೆರೆದು ಅದರಲ್ಲೇ ಎರಡೋ ಮೂರೋ ಇಟ್ಟು ಕೂತುಬಿಡುತ್ತವೆ. ಮೊಟ್ಟೆಯ ಬಣ್ಣ ಆ ನೆಲದ ಬೆಣಚುಕಲ್ಲಿನದೇ. ಮೊದಲು ಹತ್ತಿಪ್ಪತ್ತು ಜೋಡಿ ಬರುತ್ತಿದ್ದವು, ವರ್ಷದಿಂದ ವರ್ಷಕ್ಕೆ ಹೆಚ್ಚಿ ನೂರು ದಾಟಿದವು. ಪೂಜೆಯ ದಿನ ಅವು ನೆತ್ತಿಯ ಮೇಲೆ ಅರಚುತ್ತ ಹಾರಾಡಿದರೆ ನಾವು, ಕೋಳಿ ಕರುಳಿನ ಆಸೆಗೆ ಬಂದಿವೆ ಎಂದುಕೊಂಡಿದ್ದೆವು.

ಹಿಂದಿನ ವರ್ಷ ಪೂಜೆಯ ಮರುದಿನ ರೇಂಜರ್ ಸೋಮನಾಥ್ ನನ್ನ ದೋಣಿಯಲ್ಲಿ ಗುಡ್ಡಕ್ಕೆ ಬಂದರು. ಹಕ್ಕಿ ಎಣಿಸಬೇಕು ಎಂದು ಪುಸ್ತಕ ಹಿಡಿದುಕೊಂಡು ಬಂದವರು, ಸಾರಿಸಿದ ನೆಲದ ಮುಂದೆ ನಿಂತುಬಿಟ್ಟರು. ಒಣಗಿದ ಸಗಣಿಯಲ್ಲಿ ಅಲ್ಲಲ್ಲಿ ಸಣ್ಣ ಸಣ್ಣ ಉಬ್ಬು. ಅವರು ಉಗುರಿನಿಂದ ಒಂದನ್ನು ಕೆರೆದರು. ಮೊಟ್ಟೆ. ಇನ್ನೊಂದು ಕೆರೆದರು, ಅದೂ ಮೊಟ್ಟೆ. ನಮ್ಮ ಹೆಂಗಸರು ಕಲ್ಲು ಎಂದುಕೊಂಡು ಅವುಗಳ ಮೇಲೇ ಭಕ್ತಿಯಿಂದ ಸಗಣಿ ಬಳಿದು, ಮೇಲೆ ರಂಗೋಲಿಯನ್ನೂ ಹಾಕಿದ್ದರು. ಸೋಮನಾಥ್ ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಬೈದು ಹಗುರಾಗುತ್ತಿದ್ದೆ. ಅವರು ಸುಮ್ಮನೆ ಟೊಪ್ಪಿ ತೆಗೆದು ಕಲ್ಲಿನ ಮೇಲೆ ಕೂತರು, ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅದಾದ ಮೇಲೆ ಅವರು ನನ್ನನ್ನೇ ಗುಡ್ಡದ ವಾಚರ್ ಮಾಡಿಕೊಂಡರು. ದೋಣಿ ನನ್ನದು, ನೀರಿನ ಆಳ ಅಗಲ ಬಲ್ಲವನು ನಾನು. ಫೆಬ್ರವರಿಯಿಂದ ಜೂನ್‌ವರೆಗೆ ಕೆಲಸ. ಯಾರನ್ನೂ ಗುಡ್ಡಕ್ಕೆ ಹತ್ತಿಸಬಾರದು, ವಾರಕ್ಕೊಮ್ಮೆ ಗೂಡು ಎಣಿಸಬೇಕು. ಎಣಿಸಲು ಇಳಿದಾಗಲೆಲ್ಲ ಹಕ್ಕಿಗಳು ನನ್ನ ನೆತ್ತಿಗೆ ಕುಕ್ಕುತ್ತಿದ್ದವು, ಅಡಿಕೆ ಹಾಳೆಯ ಟೊಪ್ಪಿ ಹಾಕಿಕೊಂಡು ಹೋದರೆ ಅದನ್ನೂ ತೂತು ಮಾಡುತ್ತಿದ್ದವು. ಆದರೂ ಸುಳ್ಳೇಕೆ, ನನಗೆ ಅವುಗಳ ಮೇಲೆ ಮನಸ್ಸು ಹೋಗಿತ್ತು. ಮಧ್ಯಾಹ್ನದ ಉರಿಬಿಸಿಲಿನಲ್ಲಿ ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು, ಮೊಟ್ಟೆಯ ಮೇಲೆ ತಣ್ಣಗೆ ಕೂರುತ್ತವೆ. ಅದನ್ನು ನೋಡಿದ ಮೇಲೆ ಯಾವ ಮನುಷ್ಯ ಅವುಗಳ ಮೇಲೆ ಸಗಣಿ ಬಳಿಯುತ್ತಾನೆ?

ಸೋಮನಾಥ್ ಒಂದು ದಿನ ಕೇಳಿದರು, "ವಾಸಪ್ಪ, ಪೂಜೆ ವಿಷಯ ಮನೇಲಿ ಹೇಳಿದ್ರಾ?"

"ಹೇಳ್ತೀನಿ ಸಾರ್."

"ನಾನು ಬಂದು ಅಜ್ಜಿ ಹತ್ರ ಮಾತಾಡ್ಲಾ?"

"ಬೇಡ ಸಾರ್, ನಿಮಗೆ ಸಣ್ಣ ಮಕ್ಕಳಿದ್ದಾವೆ" ಎಂದೆ. ಅವರು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ನಾನು ಮಾಡಿದ್ದು ಇನ್ನೊಂದು. ಅವ್ವನ ಕಣ್ಣು ದೂರದ್ದಕ್ಕೆ ಮಬ್ಬು, ನಮ್ಮ ಅಂಗಳದಿಂದ ಗುಡ್ಡ ಅವಳಿಗೆ ಕಾಣುವುದಿಲ್ಲ. "ಈ ವರ್ಷ ನೀರು ಇಳೀಲೇ ಇಲ್ಲ ಅವ್ವ, ಗುಡ್ಡ ಇನ್ನೂ ಎದ್ದಿಲ್ಲ" ಎಂದೆ. ಅವಳು "ಹೌದನಾ?" ಎಂದು ಸುಮ್ಮನಾದಳು. ನನ್ನ ಹೆಂಡತಿ ಮೂಕಾಂಬಿಕಾ ಒಲೆಯ ಮುಂದೆ ಕೂತು ನನ್ನನ್ನು ನೋಡಿದ ನೋಟಕ್ಕೆ ಹಾಲು ಒಡೆಯಬೇಕಿತ್ತು. ದಿನ ಬೆಳಗಾದರೆ ಅವ್ವ ಕೇಳುತ್ತಿದ್ದಳು, ನಾನು ಇನ್ನೂ ಒಂದು ಆಳು ನೀರಿದೆ, ಮೊಣಕಾಲುದ್ದ ಇದೆ ಎಂದು ಸುಳ್ಳನ್ನು ಇಂಚಿಂಚಾಗಿ ಇಳಿಸುತ್ತಿದ್ದೆ.

ಯುಗಾದಿಯ ಮರುದಿನ ಜಯಪುರದ ಬಸ್ಸಿನಲ್ಲಿ ಶೇಷಪ್ಪ ಬಂದಿಳಿದ. ಹೊನ್ನಮಕ್ಕಿಯವರಲ್ಲಿ ಈಗ ದೊಡ್ಡ ಕುಳ ಎಂದರೆ ಅವನೇ, ಜಯಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಪೂಜೆಗೆ ಕೋಳಿ, ಅಕ್ಕಿ, ದೋಣಿ ಎಲ್ಲದರ ಯಜಮಾನಿಕೆ ಅವನದು. ಬಂದವನೇ ಜಗಲಿಯಲ್ಲಿ ಕೂತು, "ಎಂತ ಗಿರಿಯಮ್ಮಕ್ಕ, ಈ ಸಲ ಗುಡ್ಡ ಎಷ್ಟು ಅಗಲ ಎದ್ದಿದೆ ಮಾರಾಯ್ತಿ! ದಾರಿಯಿಂದ್ಲೇ ಕಾಣ್ತದೆ" ಎಂದ.

ನಾನು ಕೊಟ್ಟಿಗೆಗೆ ಹೋಗಿ ಅಡಗಿಕೊಂಡೆ. ಅವ್ವ ಕೂಗಾಡಲಿಲ್ಲ. ಸಂಜೆ ಊಟಕ್ಕೆ ಕೂತಾಗ ನನ್ನ ತಟ್ಟೆಗೆ ಸಾರು ಬಡಿಸುತ್ತ, "ನಾಳೆ ಬೆಳಿಗ್ಗೆ ದೋಣಿ ಹೂಡು. ನೆಲ ಗುಡಿಸಿ ಬರಾಣ" ಎಂದಳು, ಅಷ್ಟೇ.

ಶನಿವಾರ ಬೆಳಿಗ್ಗೆ ಅವಳು ಕಚ್ಚೆ ಬಿಗಿದು, ಒಂದು ಕೈಯಲ್ಲಿ ಹಿಡಿಕಟ್ಟಿನ ಪೊರಕೆ, ಇನ್ನೊಂದು ಕೈಯಲ್ಲಿ ಸಗಣಿ ಬುಟ್ಟಿ ಹಿಡಿದು ದೋಣಿಯ ಮೂತಿಯಲ್ಲಿ ಕೂತಳು. ದಾರಿಯುದ್ದಕ್ಕೂ ನಾನು ಬಾಯಿಬಿಟ್ಟೆ. ಹಕ್ಕಿ, ಮೊಟ್ಟೆ, ರೇಂಜರು, ನನ್ನ ಕೆಲಸ, ಹಿಂದಿನ ವರ್ಷ ಸಗಣಿಯಡಿ ಕಂಡ ಉಬ್ಬುಗಳು, ಒಂದೂ ಬಿಡದೆ ಹೇಳಿದೆ. ಅವಳು ಬೆನ್ನು ತಿರುಗಿಸಿಕೊಂಡೇ ಇದ್ದಳು.

"ಅಂದ್ರೆ ಚೌಡಿಗಿಂತ ಹಕ್ಕಿ ದೊಡ್ಡವಾದ್ವಾ ನಿಂಗೆ?" ಎಂದಳು ಕಡೆಗೆ.

"ಹಂಗಲ್ಲ ಅವ್ವ."

"ಮತ್ತೆ ಹೆಂಗೆ?"

ನಾನು ಹುಟ್ಟು ಹಾಕುತ್ತ ಕೂತೆ.

ದೋಣಿ ದಡ ಮುಟ್ಟುವ ಮೊದಲೇ ಹಕ್ಕಿಗಳು ಎದ್ದವು. ಇನ್ನೂರು ಕೊಕ್ಕುಗಳ ಅರಚಾಟ. ಅವ್ವ ಜಗ್ಗಲಿಲ್ಲ, ಸೆರಗು ತಲೆಗೆ ಸುತ್ತಿ ಇಳಿದು ನೇರ ಚೌಡಮ್ಮನ ಕಲ್ಲಿನ ಕಡೆಗೆ ನಡೆದಳು. ನಾನು ಹಿಂದಿನಿಂದ "ಅಲ್ಲಿ ಬೇಡ, ಎಡಕ್ಕೆ, ಕಾಲು ನೋಡ್ಕೊಂಡು" ಎಂದು ಬಡಕೊಳ್ಳುತ್ತಿದ್ದೆ. ಕಲ್ಲಿನ ಮುಂದೆ ನಿಂತು ಅವಳು ಪೊರಕೆ ಬೀಸಲು ಬಗ್ಗಿದಳು, ಬಗ್ಗಿದವಳು ಹಾಗೇ ನಿಂತುಬಿಟ್ಟಳು.

ದೂರದ್ದು ಮಬ್ಬಾದರೂ ಹತ್ತಿರದ್ದು ಅವಳಿಗೆ ಚೆನ್ನಾಗಿ ಕಾಣುತ್ತದೆ. ಪೊರಕೆಯ ತುದಿಯಿಂದ ಒಂದು ಗೇಣು ಆಚೆ ಎರಡು ಮೊಟ್ಟೆ ಇದ್ದವು. ಒಂದರ ಮೇಲೆ ನಕ್ಷತ್ರದ ಹಾಗೆ ಬಿರುಕು. ಬಿರುಕಿನ ನಡುವಿನ ಚೂರು ಅಲುಗಾಡುತ್ತಿತ್ತು.

ಅವ್ವ ಪೊರಕೆ ಕೆಳಗಿಟ್ಟು ಕುಕ್ಕರುಗಾಲಿನಲ್ಲಿ ಕೂತಳು. ಹೆರಿಗೆಗೆ ಹೋದಾಗ ಅವಳು ಹೀಗೇ ಕೂರುವುದು ಎಂದು ಹೆಂಗಸರು ಹೇಳುವುದನ್ನು ಕೇಳಿದ್ದೆ, ನೋಡಿದ್ದು ಅವತ್ತೇ. ನೆತ್ತಿಯ ಮೇಲೆ ಒಂದು ಹಕ್ಕಿ ಬಿದ್ದೂ ಬಿದ್ದೂ ಕುಕ್ಕುತ್ತಿತ್ತು. "ಇರೇ, ಇರೇ, ನಾನೆಂತ ಮಾಡಾದಿಲ್ಲ ನಿನ್ನ ಕೂಸಿಗೆ" ಎಂದು ಅವಳು ಹಕ್ಕಿಗೆ ಸಮಾಧಾನ ಹೇಳಿದಳು. ಒಳಗಿಂದ ಸಣ್ಣ ಸದ್ದು ಬರುತ್ತಿತ್ತು. ಅವ್ವನ ತುಟಿ ಏನೋ ಗುನುಗುತ್ತಿತ್ತು. "ಹೂಂ, ಇನ್ನೊಂದು ಸಲ, ಹಾಂ, ಹಂಗೇ" ಎಂದು ಅವಳು ಹೇಳಿದ್ದು ನನ್ನ ಕಿವಿಗೆ ಬಿತ್ತು. ಚೂರು ಸಿಡಿದು ಆಚೆ ಬಿತ್ತು, ಒದ್ದೆ ಒದ್ದೆಯಾದ ತಲೆಯೊಂದು ಹೊರಗೆ ಬಂತು.

ಅವಳು ಮೆಲ್ಲಗೆ ಎದ್ದು, ಬಂದ ಹೆಜ್ಜೆಯಲ್ಲೇ ಹೆಜ್ಜೆ ಇಡುತ್ತ ಹಿಂದಕ್ಕೆ ನೀರಿನವರೆಗೆ ಬಂದಳು. ತಾಯಿ ಹಕ್ಕಿ ಇಳಿದು ಮರಿಯ ಮೇಲೆ ಕೂತಿತು. ಅವ್ವ ಸುತ್ತ ಕಣ್ಣು ಹಾಯಿಸಿದಳು. ಎಲ್ಲ ಕಡೆ ಹಕ್ಕಿ, ಎಲ್ಲ ಮೊಟ್ಟೆಯ ಮೇಲೆ.

"ಊರು ತುಂಬ ಹೆರಿಗೆ" ಎಂದಳು.

"ಹೂಂ ಅವ್ವ."

"ಹೆರಿಗೆ ಆದ ಮನೇಲಿ ಪುರುಡು. ಪುರುಡಿದ್ದ ಮನೇಲಿ ಪೂಜೆ ಮಾಡ್ತಾರನಾ? ನಾವೆಂತ ಮಂಗನ ಕೆಲಸ ಮಾಡಿದ್ವಿ ಮಾರಾಯ, ಇಷ್ಟು ವರ್ಷ! ಬಾಣಂತಿ ಮನೆಗೆ ಕೋಳಿ ಹಿಡ್ಕೊಂಡು ನುಗ್ಗಿದ್ವಿ."

ನನ್ನ ಎದೆಯ ಮೇಲಿನ ಬಂಡೆ ಇಳಿಯಿತು. ಇಳಿದ ಮರುಕ್ಷಣವೇ ಅವ್ವನ ಮುಖ ನೋಡಿದೆ. ಅವಳು ಚೌಡಮ್ಮನ ಕಲ್ಲನ್ನು ನೋಡುತ್ತ ನಿಂತಿದ್ದಳು, ಕಣ್ಣು ತುಂಬಿತ್ತು. ಅವ್ವನ ಕಣ್ಣಲ್ಲಿ ನೀರು ಕಂಡರೆ ನನ್ನ ಕೆಲಸ, ರೇಂಜರು, ಹಕ್ಕಿ ಎಲ್ಲ ಎಲ್ಲಿ ಹೋಗುತ್ತವೋ ಗೊತ್ತಿಲ್ಲ. ನಾನೇ ಹೇಳಿಬಿಟ್ಟೆ:

"ಅವ್ವ, ಕಲ್ಲಿನ ಹತ್ರ ಇರಾದು ನಾಲ್ಕೇ ಗೂಡು. ಮೆಲ್ಲಗೆ ಎತ್ತಿ ಆಚೆ ಇಟ್ರೆ, ನೀನೊಬ್ಳೇ ಹೋಗಿ ಹೂ ಏರಿಸಿ ಬರಬೋದು. ಯಾರಿಗೂ ಗೊತ್ತಾಗಾದಿಲ್ಲ."

ಅವಳು ನನ್ನ ಕಡೆ ತಿರುಗಿದಳು. "ಬಾಣಂತೀನ ಎಬ್ಬಿಸಾದು ಅಂದ್ರೆ ಎಂತ ಅಂತ ಗೊತ್ತನಾ ನಿಂಗೆ?"

ಅವಳು ನೀರಿನ ಕಡೆ ಕೈ ತೋರಿಸಿದಳು.

"ನಿನ್ನ ಹೆತ್ತು ಒಂಬತ್ತು ದಿನ ಆಗಿತ್ತು. ಆಷಾಢದ ಮಳೆ. ಬೆಳಿಗ್ಗೆ ಎದ್ದು ನೋಡಿದ್ರೆ ಹಿತ್ಲಲ್ಲಿ ನೀರು. ಇನ್ನೆರಡು ದಿನ, ಹನ್ನೊಂದು ತುಂಬ್ಲಿ, ಮಿಂದು ಎದ್ದು ನಾನೇ ನಡ್ಕೊಂಡು ಬತ್ತೀನಿ ಅಂದೆ. ಯಾರಿಗೆ ಅಂದೆ ಅಂತ ಈಗ್ಲೂ ಗೊತ್ತಿಲ್ಲ, ನೀರಿಗೇ ಅಂದ್ನೋ ಏನೋ. ನಿನ್ನ ಮೊರದಲ್ಲಿ ಹಾಕ್ಕೊಂಡು ನಿಮ್ಮಜ್ಜಿ ಮುಂದೆ, ನಾನು ಹಿಂದೆ. ಕಾಲಲ್ಲಿ ರಕ್ತ ಇಳೀತಾ ಇತ್ತು. ತಿರುಗಿ ನೋಡ್ಲಿಲ್ಲ ನಾನು."

ಇಷ್ಟು ವರ್ಷದಲ್ಲಿ ಊರು ಮುಳುಗಿದ ಕಥೆಯನ್ನು ಅವಳು ನೂರು ಸಲ ಹೇಳಿದ್ದಳು. ಹುಣಸೆ ಮರದ ತುದಿ ಕಡೆಗೆ ಮುಳುಗಿದ್ದು, ಶೇಷಪ್ಪನ ಅಪ್ಪ ಬಾಗಿಲು ಕಿತ್ತು ಹೊತ್ತುಕೊಂಡು ಹೋದದ್ದು, ನಾಯಿ ಮೂರು ದಿನ ಗುಡ್ಡದ ಮೇಲೆ ಕೂತು ಊಳಿಟ್ಟದ್ದು, ಎಲ್ಲ ಕೇಳಿದ್ದೆ. ಇದನ್ನು ಕೇಳಿರಲಿಲ್ಲ.

"ನಂಗೆ ಯಾರೂ ಎರಡು ದಿನ ತಡಿ ಅನ್ಲಿಲ್ಲ. ಇವ್ಕೆ ನಾನು ಅಂತೀನಿ" ಎಂದಳು ಅವ್ವ. "ಪುರುಡು ಕಳೀಲಿ, ಆಮೇಲೆ ಪೂಜೆ. ಹೂಡು ದೋಣಿ."

ಮಂಗಳವಾರ ಬೆಳಿಗ್ಗೆ ದಂಡೆಯಲ್ಲಿ ಅರವತ್ತು ಜನ ನೆರೆದರು. ಶೇಷಪ್ಪನ ಮೊಬೈಲಿಗೆ ನಾನು ಫೋನು ಮಾಡಿ ಹೇಳಿದ್ದೆ, ಅವನು ಯಾರಿಗೂ ಹೇಳಿರಲಿಲ್ಲ. ಕಾಲು ಕಟ್ಟಿದ ಹನ್ನೊಂದು ಕೋಳಿ, ಅಕ್ಕಿ ಮೂಟೆ, ಪಾತ್ರೆ, ಮಕ್ಕಳು ಮರಿ, ಎಲ್ಲ ಬಂದಿತ್ತು. ಅವ್ವ ದೋಣಿ ಕಟ್ಟುವ ಗೂಟದ ಮುಂದೆ ಮಣೆ ಹಾಕಿಕೊಂಡು ಕೂತಿದ್ದಳು.

"ಹಕ್ಕಿಗೆಂಥಾ ಪುರುಡು ಗಿರಿಯಮ್ಮಕ್ಕ?" ಶೇಷಪ್ಪ ಧ್ವನಿ ಏರಿಸಿದ. "ಇದೆಲ್ಲ ಆ ರೇಂಜರು ಹೇಳಿಕೊಟ್ಟಿದ್ದು. ದೇವ್ರ ಕೆಲಸ ನಿಲ್ಸಾಕೆ ಇವ್ರ್ಯಾರು? ನಾವು ಹೋಗೋರೇ."

"ಶೇಷಪ್ಪ, ನಿನ್ನ ಮೊದ್ಲನೇ ಮಗ ಹುಟ್ಟುವಾಗ ಬಾಗಿಲ ಸಂದೀಲಿ ಇಣುಕಿ ನೋಡಿ ದೊಪ್ಪಂತ ಬಿದ್ದವ ನೀನು. ಬಾಣಂತೀನ ಬಿಟ್ಟು ನಿಂಗೆ ನೀರು ಚಿಮುಕಿಸ್ಬೇಕಾಯ್ತು ನಾನು. ಹೆರಿಗೆ ವಿಚಾರಕ್ಕೆ ನೀನು ಬಾಯಿ ಹಾಕ್ಬೇಡ."

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು, ಗಂಡಸರು ರಾಜಾರೋಷವಾಗಿ ನಕ್ಕರು. ಶೇಷಪ್ಪನ ಆ ಮೊದಲನೇ ಮಗ ಎಲ್ಲರಿಗಿಂತ ಜೋರಾಗಿ ನಕ್ಕ. ಶೇಷಪ್ಪನ ಕಿವಿ ಕೆಂಪಗಾಯಿತು, ಅವನ ಕೈಯಲ್ಲಿದ್ದ ಹುಂಜ ಅದೇ ಹೊತ್ತಿಗೆ ಕೂಗಿ ಉಳಿದ ಮರ್ಯಾದೆಯನ್ನೂ ತೆಗೆಯಿತು.

ನಗು ಮುಗಿದ ಮೇಲೆ ನೆಮ್ಮಾರಿನಿಂದ ಬಂದಿದ್ದ ಕಮಲಕ್ಕ ಮೆಲ್ಲಗೆ ಕೇಳಿದಳು. ಅವಳು ಅವ್ವನ ವಾರಿಗೆಯವಳು. "ಅಲ್ಲ ಗಿರಿಯಮ್ಮ, ಅಷ್ಟರೊಳಗೆ ಮಳೆ ಹಿಡಿದು ಗುಡ್ಡ ಮುಳುಗಿದ್ರೆ?"

ಅದೇ ಪ್ರಶ್ನೆ ಎಲ್ಲರ ಗಂಟಲಲ್ಲಿತ್ತು. ಅವ್ವ ಮಣೆಯ ಅಂಚನ್ನು ಹಿಡಿದುಕೊಂಡಳು.

"ಮುಳುಗಿದ್ರೆ ಈ ವರ್ಷ ಇಲ್ಲ" ಎಂದಳು.

ಆ ನಾಲ್ಕು ಪದ ಹೇಳಲು ಅವಳಿಗೆ ಎಷ್ಟು ಕಷ್ಟವಾಯಿತು ಎಂದು ನನಗೆ ಗೊತ್ತು. ಕಮಲಕ್ಕ ತಲೆಯಾಡಿಸಿ ತನ್ನ ಕೋಳಿಯ ಕಾಲಿನ ಕಟ್ಟು ಬಿಚ್ಚಿದಳು. ಒಬ್ಬೊಬ್ಬರಾಗಿ ಉಳಿದವರೂ ಬಿಚ್ಚಿದರು. ಹನ್ನೊಂದು ಕೋಳಿ ಬಸ್ಸು ಹತ್ತಿ ವಾಪಸು ಹೋದದ್ದನ್ನು ನಮ್ಮ ಕಡೆ ಇನ್ನೂ ಹೇಳಿಕೊಂಡು ನಗುತ್ತಾರೆ. ಕಂಡಕ್ಟರು ಟಿಕೇಟು ಕೇಳಿದಾಗ, "ಬಾಣಂತಿ ಮನೆಯಿಂದ ಬರ್ತಾ ಇದ್ದಾವೆ" ಎಂದನಂತೆ ಯಾರೋ.

ಅಲ್ಲಿಂದ ಮುಂದೆ ವಾಚರ್ ಯಾರು ಎನ್ನುವುದೇ ಗೊಂದಲವಾಯಿತು. ಸಂಬಳದ ವಾಚರ್ ನಾನು, ನಿಜವಾದ ವಾಚರ್ ಅವ್ವ. ಇಲಾಖೆ ದಂಡೆಯಲ್ಲಿ "ಪ್ರವೇಶ ನಿಷೇಧ" ಎಂದು ಬೋರ್ಡು ನೆಟ್ಟಿತ್ತು. ಮೀನು ಹಿಡಿಯುವವರು ಅದಕ್ಕೆ ಬಲೆ ಒಣಹಾಕುತ್ತಿದ್ದರು, ಅಷ್ಟೇ ಅದರ ಉಪಯೋಗ. ಅವ್ವ ಒಂದು ದಿನ ಆ ಬೋರ್ಡಿಗೆ, ಬಾಣಂತಿ ಮೀಯುವ ನೀರಿಗೆ ಹಾಕುವ ಲಕ್ಕಿ ಸೊಪ್ಪಿನ ಕಟ್ಟು ತೂಗುಹಾಕಿ, ಮೂಕಾಂಬಿಕಾಳಿಂದ ಇದ್ದಿಲಿನಲ್ಲಿ ಕೆಳಗೆ ಬರೆಸಿದಳು: ಬಾಣಂತಿ ಮನೆ. ಮರುದಿನದಿಂದ ಒಂದು ದೋಣಿಯೂ ಗುಡ್ಡದ ಹತ್ತಿರ ಸುಳಿಯಲಿಲ್ಲ. ದಾರಿಯಲ್ಲಿ ಹೋಗುವವರು ಕೂಡ ಧ್ವನಿ ತಗ್ಗಿಸಿ ಮಾತಾಡುತ್ತಿದ್ದರು. ಎಷ್ಟು ಮರಿ ಆಯ್ತು ಎಂದು ಸಂತೆಯಲ್ಲಿ ಹೆಂಗಸರು ನನ್ನನ್ನು ನಿಲ್ಲಿಸಿ ಕೇಳುವಂತಾಯಿತು.

ಶಿವಮೊಗ್ಗದಿಂದ ನಾಲ್ವರು ಫೋಟೋ ತೆಗೆಯುವವರು ತೋಳುದ್ದದ ಲೆನ್ಸು ಹೊತ್ತು ಬಂದರು, ಸೋಮನಾಥ್ ಅವರನ್ನೇ ಜೊತೆಗಿಟ್ಟುಕೊಂಡು. ಅವ್ವ ಗೂಟದ ಮುಂದೆ ಎದ್ದು ನಿಂತಳು.

"ಎಂತದ್ರಾ ಅದು?"

"ಕ್ಯಾಮೆರಾ ಅಜ್ಜಿ. ಮರಿಗಳ ಫೋಟೋ."

"ನಿಮ್ಮ ಹೆಂಡ್ತೀರು ಹೆತ್ತಾಗ ಊರವ್ರನ್ನ ಕರೆದು ಫೋಟೋ ಹೊಡೆಸಿದ್ರಾ? ಗಂಡಸ್ರಿಗೆ ಎಂತ ಕೆಲಸ ಇಲ್ಲಿ? ನಡೀರಿ."

ಅವರು ಸೋಮನಾಥರ ಮುಖ ನೋಡಿದರು. ಸೋಮನಾಥ್ ಟೊಪ್ಪಿ ಸರಿಮಾಡಿಕೊಂಡು, "ಅಜ್ಜಿ ಹೇಳಿದ ಮೇಲೆ ಆಯ್ತು" ಎಂದು ತಾವೇ ಮೊದಲು ಜೀಪಿನ ಕಡೆ ನಡೆದರು. ಆಮೇಲೆ ನನ್ನನ್ನು ಬದಿಗೆ ಕರೆದು, "ವಾಸಪ್ಪ, ನನ್ನ ಸರ್ವೀಸಲ್ಲಿ ಇಷ್ಟು ಒಳ್ಳೆ ವಾಚರ್ ಸಿಕ್ಕಿರಲಿಲ್ಲ. ನಿಮ್ಮನ್ನಲ್ಲ ನಾನು ಹೇಳ್ತಿರೋದು" ಎಂದರು. ನನ್ನನ್ನೂ ಅವಳು ಬಿಡಲಿಲ್ಲ. ವಾರಕ್ಕೊಮ್ಮೆ ಇಳಿದು ಎಣಿಸುವುದು ಬೇಡ, ದೋಣಿಯಿಂದಲೇ ಎಣಿಸು ಎಂದು ಅಪ್ಪಣೆಯಾಯಿತು.

ಎಲ್ಲ ನೆಟ್ಟಗೆ ನಡೆದಿದ್ದರೆ ಏಪ್ರಿಲ್ ಕೊನೆಗೆ ಮರಿಗಳು ಹಾರಿ, ಮೇ ಮೊದಲಿಗೆ ಪೂಜೆ ಮುಗಿಯಬೇಕಿತ್ತು. ಏಪ್ರಿಲ್ ನಡುವಿನಲ್ಲಿ ಒಂದು ಸಂಜೆ ಆನೆಕಲ್ಲು ಮಳೆ ಬಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಕೆಳಗಿನ ಇಳಿಜಾರಿನ ಮೊಟ್ಟೆಗಳೆಲ್ಲ ಒಡೆದಿದ್ದವು. ಹಕ್ಕಿಗಳು ನಾಲ್ಕು ದಿನ ಗೊಂದಲದಲ್ಲಿ ಹಾರಾಡಿ, ಮತ್ತೆ ಮಣ್ಣು ಕೆರೆದು ಹೊಸದಾಗಿ ಇಡಲು ಶುರುಮಾಡಿದವು. ಇಪ್ಪತ್ತಾರು ಹೊಸ ಗೂಡು. ಅವ್ವನಿಗೆ ಹೇಳಲು ನನಗೆ ನಾಲಿಗೆ ಏಳಲಿಲ್ಲ, ಆದರೆ ಸುಳ್ಳು ಹೇಳುವ ಚಟ ಬಿಟ್ಟಿದ್ದೆ. ಹೇಳಿದೆ. ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. ಮರಿಯಾಗಲು ಮೂರು ವಾರ, ಹಾರಲು ಇನ್ನೂ ಮೂರು ವಾರದ ಮೇಲೆ.

"ಮಳೆಗಾಲದ ಹೊಸ್ತಿಲಿಗೆ ಬಂತಲ್ಲಾ" ಎಂದಳು, ಅಷ್ಟೇ.

ಮೇ ತಿಂಗಳು ಪೂರ್ತಿ ಅವಳು ಒಂದು ಕಣ್ಣು ಆಕಾಶದ ಮೇಲಿಟ್ಟೇ ಇದ್ದಳು. ಸಂಜೆ ನಾನು ದೋಣಿ ಕಟ್ಟಿ ಬಂದರೆ ಮುಖ ತೊಳೆಯಲೂ ಬಿಡದೆ, "ಎಷ್ಟು ಉಳಿದ್ವಾ?" ಎನ್ನುತ್ತಿದ್ದಳು. ಮೂವತ್ತು ಮರಿ. ಹತ್ತೊಂಬತ್ತು. ಹನ್ನೆರಡು. ಅತ್ತ ಮೋಡ ದಿನಕ್ಕೊಂದು ಕಡೆಯಿಂದ ಏಳುತ್ತಿತ್ತು. ಇಪ್ಪತ್ತರ ನಂತರ ಮಳೆ ಮೇಲಿನ ಘಟ್ಟದ ಕಡೆ ಸುರಿಯತೊಡಗಿ ಹೊಳೆಯ ನೀರು ಕೆಂಪಗೆ ಬಂತು. ಗುಡ್ಡದ ಅಂಚಿಗೆ ನಾನು ಚುಚ್ಚಿದ್ದ ಕೋಲು ಒಂದು ಬೆಳಿಗ್ಗೆ ನೀರಿನೊಳಗಿತ್ತು. ಏಳು. ನಾಲ್ಕು. ಶೇಷಪ್ಪ ಜಯಪುರದಿಂದ ದಿನಕ್ಕೆರಡು ಸಲ ಫೋನು ಮಾಡಿ, "ಏನಾಯ್ತಾ ವಾಸಪ್ಪ, ಹಾರಿದ್ವನಾ?" ಎಂದು ಕೇಳುತ್ತಿದ್ದ. ಬೈದುಕೊಳ್ಳುತ್ತಲೇ ಕೇಳುತ್ತಿದ್ದ, ಆದರೆ ಕೇಳುತ್ತಿದ್ದ.

ಕೊನೆಯ ಎರಡು ಮರಿ ಚೌಡಮ್ಮನ ಕಲ್ಲಿನ ಬುಡದಲ್ಲೇ ಇದ್ದವು. ಭಾನುವಾರ ಮಧ್ಯಾಹ್ನ ಒಂದು ಎದ್ದಿತು, ನೀರಿಗೆ ಬೀಳುತ್ತದೆ ಎನ್ನುವಷ್ಟು ಕೆಳಗೆ ಹೋಗಿ ಮೇಲಕ್ಕೆ ಬಂತು. ಇನ್ನೊಂದು ರೆಕ್ಕೆ ಬಡಿದುಕೊಂಡು ಕೂತೇ ಇತ್ತು. ಸಂಜೆ ಅವ್ವ "ಎಷ್ಟು?" ಎಂದಾಗ "ಒಂದು" ಎಂದೆ. ಅವಳು ಊಟ ಮಾಡಲಿಲ್ಲ. ಸೋಮವಾರ ಹತ್ತು ಗಂಟೆಗೆ ಆ ಸೋಮಾರಿಯೂ ಎದ್ದಿತು. ನಾನು ದೋಣಿಯಲ್ಲಿ ನಿಂತು ಒಬ್ಬನೇ ಚಪ್ಪಾಳೆ ತಟ್ಟಿ, ಅಲ್ಲಿಂದಲೇ ಶೇಷಪ್ಪನಿಗೆ ಫೋನು ಹಚ್ಚಿದೆ. "ನಾಳೆ!" ಎಂದು ಅವನು ಕಿರುಚಿದ್ದು ಫೋನಿಲ್ಲದಿದ್ದರೂ ಕೇಳುತ್ತಿತ್ತು.

ಮೇ ಮೂವತ್ತರ ಮಂಗಳವಾರ ಎರಡು ಎಕರೆ ಗುಡ್ಡ ಒಂದು ಕಣದಷ್ಟಾಗಿತ್ತು. ಅರವತ್ತು ಜನ ಒಟ್ಟಿಗೆ ಹಿಡಿಸದೆ ಅರ್ಧ ಜನ ದೋಣಿಗಳಲ್ಲೇ ನಿಂತರು. ಎಂಟು ವಾರ ಕೊಬ್ಬಿದ ಕೋಳಿಗಳು ಎರಡು ಕೈಯ ಹಿಡಿತಕ್ಕೂ ಸಿಗುತ್ತಿರಲಿಲ್ಲ. ಶೇಷಪ್ಪ ಮೋಡ ನೋಡುತ್ತ "ಬೇಗ ಬೇಗ" ಎಂದು ಎಲ್ಲರ ಪ್ರಾಣ ತಿನ್ನುತ್ತಿದ್ದ. ಸಾರಿಸಲು ಹೆಂಗಸರು ಬುಟ್ಟಿ ಎತ್ತಿದಾಗ ಅವ್ವ ಕೈ ಅಡ್ಡ ಹಿಡಿದಳು.

"ತಡೀರಿ. ಮೊದ್ಲು ಗಂಗೆಪೂಜೆ."

ಅದೂ ಸರಿಯೇ. ನಮ್ಮಲ್ಲಿ ಹೆರಿಗೆಯಾಗಿ ಹನ್ನೊಂದನೇ ದಿನ ಬಾಣಂತಿ ಮಿಂದು, ಕೂಸನ್ನು ಎತ್ತಿಕೊಂಡು ಬಾವಿಗೆ ಹೋಗಿ, ಅರಿಶಿನ ಕುಂಕುಮ ಹೂವು ಏರಿಸಿ ಗಂಗೆಯನ್ನು ಪೂಜಿಸಬೇಕು. ಆಮೇಲೇ ಪುರುಡು ಕಳೆದು ಮನೆಯಲ್ಲಿ ದೀಪ ಹಚ್ಚುವುದು. ಅವ್ವ ಹೊಸ ಸೀರೆ ಉಟ್ಟು, ತಲೆಗೆ ಮಿಂದು ಬಂದಿದ್ದಳು. ಅರಿಶಿನ ಕುಂಕುಮದ ಬಟ್ಟಲು ಹಿಡಿದು ನೀರಿನಂಚಿಗೆ ಹೋದಳು.

ಕಮಲಕ್ಕ ನಕ್ಕಳು. "ಹಕ್ಕಿಗಳ ಪರವಾಗಿ ನೀನೇ ಮಾಡ್ತೀಯನೇ ಗಿರಿಯಮ್ಮ?"

"ಹಕ್ಕಿಗೆಂತಕೆ ಗಂಗೆಪೂಜೆ? ಅವು ದಿನಾ ಗಂಗೇಲೇ ಮುಳುಗಿ ಏಳ್ತಾವೆ" ಎಂದಳು ಅವ್ವ. "ಇದು ನಂದು."

ಯಾರಿಗೂ ತಿಳಿಯಲಿಲ್ಲ. ನನಗೆ ತಿಳಿಯಿತು. ಒಂಬತ್ತನೇ ದಿನ ಮನೆ ಬಿಟ್ಟು ನಡೆದವಳಿಗೆ ಹನ್ನೊಂದನೇ ದಿನ ಯಾವ ಬಾವಿ ಇತ್ತು? ಅದು ಈ ನೀರಿನಡಿಯಲ್ಲೇ ಎಲ್ಲೋ ಇದೆ.

ಅವಳು ತಿರುಗಿ ನೋಡಿದಳು. "ಬಾರಾ ವಾಸ. ಕೂಸು ಬೇಕು."

ಅರವತ್ತು ಜನರೆದುರಿಗೆ ಖಾಕಿ ಚಡ್ಡಿ ಹಾಕಿಕೊಂಡು, ಹೊಟ್ಟೆ ಮುಂದೆ ಬಂದ ನಾನು, ಹೋಗಿ ಅವಳ ಪಕ್ಕದಲ್ಲಿ ನೀರಿನಲ್ಲಿ ಮಂಡಿಯೂರಿದೆ. ಶೇಷಪ್ಪನೇ ಮೊದಲು ನಕ್ಕ, ಆಮೇಲೆ ಎಲ್ಲರೂ. ಮಕ್ಕಳು ಶಿಳ್ಳೆ ಹೊಡೆದರು. ಎತ್ತಿಕೊಳ್ಳಲು ಸಾಧ್ಯವಿಲ್ಲದ್ದರಿಂದ ಅವ್ವ ಎಡಗೈಯಿಂದ ನನ್ನ ಕತ್ತು ಬಳಸಿ ಹಿಡಿದುಕೊಂಡಳು, ಬಲಗೈಯಿಂದ ನೀರಿಗೆ ಅರಿಶಿನ ಬಿಟ್ಟಳು, ಕುಂಕುಮ ಬಿಟ್ಟಳು, ದಾಸವಾಳ ತೇಲಿಬಿಟ್ಟಳು. ನಗುತ್ತಿದ್ದವರು ಒಬ್ಬೊಬ್ಬರಾಗಿ ಕೈ ಮುಗಿದರು.

ಮೂರು ಬೊಗಸೆ ನೀರು ಎತ್ತಿ ಅವಳು ನನ್ನ ನೆತ್ತಿಗೆ ಹಾಕಿದಳು. ನಾನು ಕಣ್ಣು ಮುಚ್ಚಿಕೊಂಡೆ, ಮುಖ ಹೇಗೂ ಒದ್ದೆಯಾಗಿತ್ತು. ಆಮೇಲೆ ಅವಳು ನನ್ನ ಭುಜ ಊರಿ ಎದ್ದು, ಸೆರಗಿನಿಂದ ಕೈ ಒರೆಸಿಕೊಂಡು, ದೋಣಿಯಲ್ಲಿದ್ದವರಿಗೂ ಕೇಳುವ ಹಾಗೆ ಕೂಗಿದಳು:

"ಪುರುಡು ಕಳೀತು. ಒಲೆ ಹಚ್ರಾ!"